ಪೆಟ್ಟಿಗೆ ಯಾರದು, ದನಿ ಯಾರದು?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಲದ ರಾಜ್ಯೋತ್ಸವಕ್ಕೆ ಎಂಥ ಮೈಕ್ ಸೆಟ್ಟು ತರಿಸಬೇಕೆಂಬ ಮಾತು ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಎದ್ದು, ಎರಡು ಪಕ್ಷಗಳಾಗಿವೆ. ಪೇಟೆಯೇ ನಡುಗುವಂಥ ಡಿಜೆ ಬರಲಿ ಎಂದು ತರುಣರು ಹೇಳುತ್ತಾರೆ. ಆ ಮೈಕಾಸುರನ ಸಹವಾಸವೇ ಬೇಡ, ಬಾಯಿಂದಲೇ ಹಾಡೋಣ ಎಂದು ಹಿರಿಯರು ಹೇಳುತ್ತಾರೆ. ಇದು ಚಿಕ್ಕ ಜಗಳದಂತೆ ಕಂಡರೂ ಇದರೊಳಗೆ ದೊಡ್ಡ ಪ್ರಶ್ನೆಯೊಂದು ಅಡಗಿದೆ. ದುಡಿಯುವವನಿಗೆ ತನ್ನ ದನಿಯನ್ನು ನಾಲ್ಕು ಜನರಿಗೆ ಕೇಳಿಸುವ ಸಾಧನ ಬೇಕು. ಅದೇ ದುಡಿಯುವವನಿಗೆ ಕಿವಿಯೂ ಉಳಿಯಬೇಕು, ರಾತ್ರಿ ನಿದ್ದೆಯೂ ಬರಬೇಕು. ಇವೆರಡನ್ನೂ ಕೂಡಿಸುವುದು ಹೇಗೆ?

ಈ ಪ್ರಶ್ನೆಯನ್ನು ಬಿಡಿಸಲು ಮೊದಲು ಬಹಳ ದೂರದ ಒಂದು ದ್ವೀಪಕ್ಕೆ ನಿಮ್ಮನ್ನು ಕರೆದೊಯ್ಯುತ್ತೇನೆ. ಸೌಂಡ್ ಸಿಸ್ಟಂ ಎಂಬ ಹೆಸರು ಹೆಸರುವಾಸಿಯಾದದ್ದೇ ಅಲ್ಲಿ, ಅದೂ ಕೂಲಿಕಾರರ ಕೇರಿಗಳಲ್ಲಿ.

ಆ ದ್ವೀಪ ಜಮೈಕಾ. ಅಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟದ ಯಜಮಾನರಿಗೆ ಆಳು ಸಾಲದಾದಾಗ, 1845ರ ಮೇ ತಿಂಗಳಲ್ಲಿ ನಮ್ಮ ಭಾರತದಿಂದ ಕರಾರಿನ ಕೂಲಿಗಳ ಮೊದಲನೆಯ ಹಡಗು ಅಲ್ಲಿ ಇಳಿಯಿತು. ಮುಂದಿನ ಸುಮಾರು 70 ವರ್ಷಗಳಲ್ಲಿ 36,000ದಷ್ಟು ಭಾರತೀಯರು ಹೀಗೆ ಹೋದರು. ಆದುದರಿಂದ ಅದನ್ನು ಪೂರಾ ಪರರ ನಾಡೆಂದು ತಿಳಿಯಬೇಕಾಗಿಲ್ಲ.

ಅಲ್ಲಿಯ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ವಾದ್ಯಮೇಳವಿಟ್ಟು ಕುಣಿಯುವ ಸಭಾಂಗಣಗಳು ಉಳ್ಳವರಿಗಾಗಿ ಇದ್ದವು. ಬಡವರ ಕೇರಿಗೆ ಅಂಥ ಮೇಳ ಕರೆಸುವ ಶಕ್ತಿ ಇರಲಿಲ್ಲ. 1940ರ ದಶಕದ ಕೊನೆಯ ಹೊತ್ತಿಗೆ ಒಂದು ಹೊಸ ಉಪಾಯ ಹೊರಟಿತು. ಒಂದು ಗ್ರಾಮಫೋನು, ಒಂದು ಗಟ್ಟಿ ಆಂಪ್ಲಿಫಯರು, ಕಪಾಟಿನಷ್ಟು ದೊಡ್ಡ ಮರದ ಪೆಟ್ಟಿಗೆಯಲ್ಲಿ ಕೂರಿಸಿದ ಸ್ಪೀಕರು. ಇವನ್ನು ಬಯಲಿನಲ್ಲಿಟ್ಟರೆ ಅದೇ ಸಭಾಂಗಣ. ಟಾಮ್ ವಾಂಗ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ ಮೊದಲಿಗರಲ್ಲಿ ಒಬ್ಬ. ಅವನಿಗೆ ಆಂಪ್ಲಿಫಯರು ಕಟ್ಟಿಕೊಟ್ಟವನು ಹೆಡ್ಲಿ ಜೋನ್ಸ್ ಎಂಬ ರೇಡಿಯೋ ರಿಪೇರಿ ಬಲ್ಲ ಕುಶಲಿ. ಮುಂದೆ ಹೆಸರು ಮಾಡಿದ ಕಾಕ್ಸನ್ ಡಾಡ್ ಎಂಬವನು ಅಮೆರಿಕಕ್ಕೆ ಹೊಲದ ಕೂಲಿಯಾಗಿ ಹೋಗಿದ್ದಾಗ ಅಲ್ಲಿನ ಹಾಡಿನ ತಟ್ಟೆಗಳನ್ನು ಸಂಗ್ರಹಿಸಿ ತಂದವನು. ಇವರೆಲ್ಲ ತ್ಯಾಗಿಗಳೆಂದು ನಾನು ಹೇಳಲಾರೆ. ಬಾಗಿಲಲ್ಲಿ ಕಾಸು ತೆಗೆದುಕೊಳ್ಳುತ್ತಿದ್ದರು, ಬೀರು ಮಾರುತ್ತಿದ್ದರು. ಆದರೆ ಪೆಟ್ಟಿಗೆ ಹೊಡೆದ ಬಡಗಿ, ತಂತಿ ಬೆಸೆದವನು, ತಟ್ಟೆ ಆರಿಸಿ ಹಾಕುವವನು, ಕೇಳುವ ಮಂದಿ, ಎಲ್ಲರೂ ಆ ಕೇರಿಯವರೇ. ಯಾವ ಹಾಡು ಬೇಕು, ಯಾವುದು ಬೇಡ ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು.

ಕರಾವಳಿಯ ನಮ್ಮ ಜನರಿಗೆ ಅಲ್ಲಿಯ ರೀತಿ ಬೇಗನೆ ತಿಳಿಯುತ್ತದೆ. ಒಂದೇ ಬಯಲಿನಲ್ಲಿ ಎರಡು ಮೇಳ ಎದುರುಬದುರಾಗಿ ಆಡುವ ಜೋಡಾಟವನ್ನು ನೀವು ಬಲ್ಲಿರಿ. ಅಲ್ಲಿಯೂ ಎರಡು ಸೌಂಡ್ ಸಿಸ್ಟಂಗಳು ಎದುರು ನಿಂತು ಪಂಥ ಕಟ್ಟುತ್ತಿದ್ದವು. ಜನ ಯಾರ ಕಡೆ ಸರಿದರೋ ಅವರು ಗೆದ್ದಂತೆ. ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿ ಸ್ಥಳದಲ್ಲೇ ಮಾತು ಹೊಸೆಯುವಂತೆ, ಅಲ್ಲಿ ಮೈಕು ಹಿಡಿದವನು ತಟ್ಟೆಯ ತಾಳದ ಮೇಲೆ ಊರಿನ ಸುದ್ದಿ, ಅಕ್ಕಿಯ ಬೆಲೆ, ಪೋಲೀಸರ ಲಾಠಿ ಎಲ್ಲವನ್ನೂ ಆಶುವಾಗಿ ಆಡುತ್ತಿದ್ದನು. ಯು-ರಾಯ್ ಎಂಬವನು ಈ ಕಲೆಗೆ ಪ್ರಸಿದ್ಧನಾದ.

ಡಬ್ ಎಂಬುದು ಇದರಿಂದಲೇ ಹುಟ್ಟಿತು. 1960ರ ದಶಕದ ಕೊನೆಗೆ ತಟ್ಟೆಯಿಂದ ಹಾಡುಗಾರನ ಕಂಠವನ್ನು ತೆಗೆದು ಬರೀ ವಾದ್ಯ ಉಳಿಸುವ ರೂಢಿ ಬಂತು. ಕಿಂಗ್ ಟಬ್ಬಿ ಎಂದು ಹೆಸರಾದ ಆಸ್ಬೋರ್ನ್ ರಡಕ್, ವಿದ್ಯುತ್ ಸಾಮಾನು ದುರಸ್ತಿಯಿಂದ ಬದುಕು ಕಟ್ಟಿಕೊಂಡವನು, ಇದನ್ನು ಒಂದು ಕಲೆಯಾಗಿಯೇ ಬೆಳೆಸಿದ. ಭಾಗವತರು ಹಾಡು ನಿಲ್ಲಿಸಿ ಚಂಡೆ ಮದ್ದಳೆಗೆ ರಂಗ ಬಿಟ್ಟುಕೊಟ್ಟಾಗ ಎದೆಯಲ್ಲಿ ಆಗುವ ಕಂಪನವನ್ನು ನೆನೆಯಿರಿ. ಮಧ್ಯೆ ಒಂದು ಮಾತು ಬಂದು ಬೆಟ್ಟಕ್ಕೆ ಬಡಿದಂತೆ ಮರುದನಿಗೊಟ್ಟು ಮಾಯವಾಗುತ್ತದೆ. ಇಷ್ಟೇ ಡಬ್. ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಬಂದು ತನ್ನ ಮಾತು ಆಡಬಹುದು.

1970ರ ದಶಕದಲ್ಲಿ ಬಾಬ್ ಮಾರ್ಲಿ ಮೊದಲಾದವರು ಗುಲಾಮಗಿರಿಯ ನೆನಪನ್ನೂ ಬಡವರ ಮಾನವನ್ನೂ ಹಾಡಿದ ರೆಗ್ಗೆ ಸಂಗೀತ ಜಗತ್ತನ್ನೇ ಸುತ್ತಿತು. ಇಂಗ್ಲೆಂಡಿಗೆ ದುಡಿಯಲು ಹೋದ ಜಮೈಕಾದವರಿಗೆ ವರ್ಣಭೇದದಿಂದ ಅನೇಕ ಕ್ಲಬ್ಬುಗಳ ಬಾಗಿಲು ಮುಚ್ಚಿತ್ತು. ಅವರು ಮನೆಯ ನೆಲಮಾಳಿಗೆಯಲ್ಲೇ ಪೆಟ್ಟಿಗೆ ಹೂಡಿ ತಮ್ಮ ಕೂಟ ನಡೆಸಿಕೊಂಡರು. ಪರಊರಿನಲ್ಲಿ ಸಂಘ ಕಟ್ಟಿಕೊಂಡಿರುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾವು ಅನ್ನ ಉಣ್ಣುತ್ತಿರುವ ಗುಜರಾತಿಗೆ ಬರೋಣ. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಜಮೈಕಾದ ರೆಗ್ಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರ ಡಿಸೆಂಬರಿನಲ್ಲಿ ಅದೇ ಪಟ್ಟಿಗೆ ಗುಜರಾತಿನ ಗರ್ಬಾ ಸೇರಿತು. ಎರಡೂ ಬಯಲಿನಲ್ಲಿ ಬೆಳೆದವು, ಎರಡೂ ಸಾಮಾನ್ಯರವು. ತೂತುಗಳುಳ್ಳ ಮಣ್ಣಿನ ಮಡಕೆಯಲ್ಲಿ ದೀಪವಿಟ್ಟು, ಅದರ ಸುತ್ತ ಹೆಂಗಸರು ಚಪ್ಪಾಳೆ ಹೊಡೆದು ಹಾಡಿ ಸುತ್ತುವುದು ಗರ್ಬಾದ ಮೂಲ. ಅಹಮದಾಬಾದಿನ ಪೋಳಗಳಲ್ಲಿ, ಎಂದರೆ ಹಳೆಯ ಓಣಿಗಳಲ್ಲಿ, ಇಂದಿಗೂ ಶೇರಿ ಗರ್ಬಾ ನಡೆಯುತ್ತದೆ. ಅದಕ್ಕೆ ಟಿಕೀಟಿಲ್ಲ, ಹಾಡುವವಳೂ ಕುಣಿಯುವವಳೂ ಅದೇ ಓಣಿಯವರು.

ಇನ್ನೊಂದು ಕಡೆ ದೊಡ್ಡ ಮೈದಾನದ ಗರ್ಬಾ ಇದೆ. ನಮ್ಮ ಹಿರಿಯರು ಬಡೋದೆ ಎನ್ನುತ್ತಿದ್ದ ವಡೋದರಾದಲ್ಲಿ ಹತ್ತಾರು ಸಾವಿರ ಮಂದಿ ಒಂದೇ ಬಯಲಿನಲ್ಲಿ ವರ್ತುಲವಾಗಿ ಕುಣಿಯುವ ನೋಟ ನಿಜವಾಗಿಯೂ ಕಣ್ಣಿಗೆ ಹಬ್ಬ. ಅಷ್ಟು ಜನಕ್ಕೆ ಒಬ್ಬ ಗಾಯಕನ ಕಂಠ ಮುಟ್ಟಿಸುವುದು ಸ್ಪೀಕರಿನಿಂದಲೇ ಸಾಧ್ಯ. ಆ ವಿದ್ಯೆಯನ್ನು ಹಳಿಯಲಾಗದು. ಆದರೆ ಅಹಮದಾಬಾದ್, ಸೂರತ್‌ಗಳ ಅನೇಕ ಪಾರ್ಟಿ ಪ್ಲಾಟುಗಳಲ್ಲಿ ಬಾಗಿಲಿಗೆ ಪಾಸು ಬಂದಿದೆ. ಮಾಣಿಯ ಒಂದು ದಿನದ ಸಂಬಳ ಪಾಸಿಗೇ ಹೋದರೆ ಅವನು ಬೇಲಿಯ ಹೊರಗೆ ನಿಂತು ಸದ್ದು ಮಾತ್ರ ಕೇಳಬೇಕು. ನಮ್ಮಲ್ಲಿಯೂ ಬಯಲಾಟ ಎಲ್ಲರದಾಗಿತ್ತು. ಡೇರೆಯ ಮೇಳ ಬಂದಾಗ ಟಿಕೀಟು ಬಂತು. ಬೇಲಿ ಎಲ್ಲ ಊರಿನಲ್ಲಿಯೂ ಒಂದೇ ಜಾತಿಯದು.

ವಡೋದರಾದಿಂದ ಪೂರ್ವಕ್ಕೆ ಛೋಟಾ ಉದೇಪುರ, ದಾಹೋದ್ ಕಡೆಯ ಆದಿವಾಸಿಗಳ ಮದುವೆಗಳಲ್ಲಿ ಇನ್ನೊಂದು ಬಗೆಯನ್ನು ನೋಡಬಹುದು. ಟೆಂಪೋ ಇಲ್ಲವೆ ಲಾರಿಯ ಮೇಲೆ ಪೆಟ್ಟಿಗೆಗಳನ್ನು ಪೇರಿಸಿ, ತಮ್ಮದೇ ಭಾಷೆಯ ಟಿಮ್ಲಿ ಹಾಡುಗಳಿಗೆ ಸಾಲುಗಟ್ಟಿ ಕುಣಿಯುತ್ತಾರೆ. ಈ ನಗರಗಳ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ಆ ಸೀಮೆಯವರು ಬಹಳ. ಜಮೈಕಾದ ಕೇರಿಗೆ ಗುಜರಾತಿನಲ್ಲಿ ಹತ್ತಿರದ ನಂಟು ಹುಡುಕಿದರೆ ಅದು ಆ ಲಾರಿಯೇ ಎಂದು ನನ್ನ ಎಣಿಕೆ.

ಹಾಗಾದರೆ ತರುಣರ ಪಕ್ಷವೇ ಗೆದ್ದಿತೇ? ನಿಲ್ಲಿ, ಕಿವಿಯ ಮಾತು ಉಳಿದಿದೆ.

ಸೂರತ್ತಿನ ಪವರ್‌ಲೂಮ್ ಖಾತೆಯಲ್ಲಿ ನಿಂತವನಿಗೆ ಗೊತ್ತು, ಪಕ್ಕದವನೊಡನೆ ಮಾತನಾಡಬೇಕಾದರೆ ಕೈಸನ್ನೆಯೇ ಗತಿ. ಅಲ್ಲಿ ಸದ್ದು 90 ಡೆಸಿಬಲ್ ಮೀರುವುದು ಸಾಮಾನ್ಯ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ಎಂಟು ತಾಸು ತಾಳಬಹುದಾದರೆ, ಪ್ರತಿ 3 ಡೆಸಿಬಲ್ ಏರಿದಂತೆ ತಾಳುವ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬಲ್ಲಿಗೆ ಕಾಲು ತಾಸು ಮಾತ್ರ. ಮೊದಲು ಹೋಗುವುದು ತಾರಕದ ಶ್ರವಣ. ಸ, ಶ, ತ ಅಕ್ಷರಗಳು ಮಸುಕಾಗುತ್ತವೆ. ಮನೆಯವರು ಗೊಣಗುತ್ತಾರೆಂದು ನಾವು ತಿಳಿಯುತ್ತೇವೆ. ನಿಜವಾಗಿ ನಮ್ಮ ಕಿವಿಯೇ ಸೋತಿರುತ್ತದೆ. ಪಾಳಿ ಮುಗಿಸಿ ಬಂದವನು ಡಿಜೆ ಪೆಟ್ಟಿಗೆಯ ಮುಂದೆ ನಿಂತರೆ ಅದೇ ಕಿವಿಗೆ ಎರಡನೆಯ ಪಾಳಿ ಹಾಕಿದಂತೆ.

ಇನ್ನು ಹೋಟೆಲಿನವರ ಪಾಡು. ರಾತ್ರಿ ಪಾತ್ರೆ ತೊಳೆದು ಮಲಗುವಾಗ ಹನ್ನೆರಡು. ಬೆಳಗಿನ ಇಡ್ಲಿಗೆ ಒಲೆ ಹೊತ್ತಿಸಲು ನಾಲ್ಕಕ್ಕೆ ಏಳಬೇಕು. ನಡುವಿನ ನಾಲ್ಕು ತಾಸು ಕದ್ದವನು ಗಲ್ಲಾದಿಂದ ಹಣ ಕದ್ದವನಿಗಿಂತ ಕಡಿಮೆಯ ಕಳ್ಳನಲ್ಲ.

ಆದುದರಿಂದಲೇ ಕಾನೂನು ಬಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಅಧಿಕಾರಿಗಳ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ರಾಜ್ಯ ಸರಕಾರ ಸಡಿಲಿಸಬಹುದು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೊತ್ತುಮಾಡಿದೆ; ಧ್ವನಿವರ್ಧಕ ಹಾಕಿದ ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಸದ್ದು ಇದಕ್ಕಿಂತ 10ಕ್ಕೆ ಮೀರಿ ಏರಕೂಡದು. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಮಾತನಾಡುವ ಹಕ್ಕು ಎಂದರೆ ಒಲ್ಲದವನ ಕಿವಿಗೆ ತುರುಕುವ ಹಕ್ಕಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಈ ಕಾನೂನು ದುಡಿಯುವವನ ವೈರಿಯಲ್ಲ, ಅವನ ನಿದ್ದೆಯ ಕಾವಲುಗಾರ.

ದನಿಗೆ ಬಲ ಬರುವುದು ಪೆಟ್ಟಿಗೆಯಿಂದ ಮಾತ್ರವೂ ಅಲ್ಲ. 1918ರಲ್ಲಿ ಇದೇ ಅಹಮದಾಬಾದಿನ ಗಿರಣಿ ಕಾರ್ಮಿಕರು ಶೇಕಡಾ 35ರ ಏರಿಕೆಗಾಗಿ ಹೋರಾಡಿದಾಗ, ಸಾಬರಮತಿಯ ದಂಡೆಯ ಜಾಲಿಮರದ ಕೆಳಗೆ ಸಾವಿರಾರು ಮಂದಿ ದಿನವೂ ಸೇರುತ್ತಿದ್ದರು. ಮೈಕು ಇರಲಿಲ್ಲ. ಗಾಂಧೀಜಿಯವರ ಕರಪತ್ರಗಳನ್ನು ಅಲ್ಲಿ ಓದಿ ಹೇಳಲಾಗುತ್ತಿತ್ತು. ಎರಡು ವರ್ಷಗಳ ಬಳಿಕ, 1920ರಲ್ಲಿ, ಮಜೂರ್ ಮಹಾಜನ ಸಂಘ ಹುಟ್ಟಿತು. ಮುಂದೆ ಆ ಗಿರಣಿಗಳಲ್ಲಿ ಬಹುಪಾಲು 1980 ಮತ್ತು 90ರ ದಶಕಗಳಲ್ಲಿ ಮುಚ್ಚಿಹೋದವು. ಆ ಮರದಡಿಯ ಮಾತನ್ನು ಮಾತ್ರ ಇಂದೂ ನಾವು ಆಡುತ್ತಿದ್ದೇವೆ.

ಬಂಧುಗಳೇ, ಎರಡು ಪಕ್ಷಗಳಿಗೂ ನನ್ನ ವಿನಂತಿ ಹೀಗಿದೆ. ಬಾಡಿಗೆಯ ಡಿಜೆಗೆ ಒಂದು ರಾತ್ರಿಗೆ ಸುರಿಯುವ ಹಣವನ್ನು ಎರಡು ಮೂರು ವರ್ಷ ಕೂಡಿಟ್ಟರೆ ಸಂಘಕ್ಕೇ ಒಂದು ಚಿಕ್ಕ, ಒಳ್ಳೆಯ ಮೈಕ್ ಸೆಟ್ಟು ಆಗುತ್ತದೆ. ನಮ್ಮಲ್ಲಿ ವೈರಿಂಗ್ ಬಲ್ಲವರಿದ್ದಾರೆ, ಮರಗೆಲಸ ಬಲ್ಲವರಿದ್ದಾರೆ. ಇಬ್ಬರು ತರುಣರು ಅದನ್ನು ನಡೆಸಲು ಕಲಿಯಲಿ. ಒಂದೇ ದೊಡ್ಡ ಪೆಟ್ಟಿಗೆಯನ್ನು ಕಿರುಚಿಸುವ ಬದಲು ಎರಡು ಮೂರು ಚಿಕ್ಕವನ್ನು ಸಭೆಯೊಳಗೇ ಹಂಚಿಟ್ಟರೆ ಎಲ್ಲರಿಗೂ ಹದವಾಗಿ ಕೇಳುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದುದರಿಂದ ಮಕ್ಕಳನ್ನೂ ಮಗ್ಗದ ಖಾತೆಯವರನ್ನೂ ಪೆಟ್ಟಿಗೆಯಿಂದ ದೂರ ಕೂರಿಸೋಣ. ರಾತ್ರಿ 10ಕ್ಕೆ ಗುಂಡಿ ಒತ್ತಿ ಆರಿಸೋಣ. ಆಮೇಲೆ ಹಾಡುವ ಹುರುಪಿದ್ದವರು ಬಾಯಿಂದ, ಮೆಲ್ಲಗೆ ಹಾಡಲಿ.

ಆ ಮೈಕು ಮೊದಲು ಹೋಗಬೇಕಾದದ್ದು ಅತಿಥಿಗಳ ಕೈಗಲ್ಲ. ಇಡೀ ವರ್ಷ ‘ಏ ಮಾಣಿ’ ಎಂದು ಕೂಗಿಸಿಕೊಂಡ ಹುಡುಗ ಅಂದು ತನ್ನ ಹೆಸರು ಹೇಳಿ ಒಂದು ಪದ್ಯ ಹಾಡಲಿ. ನೆರೆಯ ಗುಜರಾತಿ ತಾಯಂದಿರ ಶೇರಿ ಗರ್ಬಾಕ್ಕೆ ಸೆಟ್ಟು ಬೇಕಾದರೆ ಬಾಡಿಗೆಯಿಲ್ಲದೆ ಕೊಡೋಣ. ಸಮಿತಿಯವರು ಮುಂದಿನ ಸಭೆಯಲ್ಲಿ ಖರ್ಚಿನ ಅಂದಾಜನ್ನು ಸದಸ್ಯರ ಮುಂದಿಡಬೇಕೆಂದು ಕೋರುತ್ತೇನೆ.