ಅಂಚಿನ ನಕ್ಷತ್ರಕ್ಕೆ ಬಾಲವೇಕೆ?

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಧೂಮಕೇತುವನ್ನು ಉರ್ದುವಿನಲ್ಲಿ ‘ದುಮ್‌ದಾರ್ ಸಿತಾರಾ’ ಎನ್ನುತ್ತೇವೆ, ಅಂದರೆ ಬಾಲವುಳ್ಳ ನಕ್ಷತ್ರ. ‘ವೇಗದ’ ಪ್ರತಿಫಲನ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಚಿತ್ರ ತೆಗೆದರೆ ನಡುವಿನ ನಕ್ಷತ್ರಗಳು ಚುಕ್ಕೆಗಳಾಗಿ ಬರುತ್ತವೆ. ಅಂಚಿನವು ಮಾತ್ರ ಹೊರಕ್ಕೆ ಬಾಲ ಚಾಚಿದ ಪುಟ್ಟ ದುಮ್‌ದಾರ್ ಸಿತಾರಾಗಳಂತೆ ಕಾಣುತ್ತವೆ. ಈ ದೋಷದ ಹೆಸರು ‘ಕೋಮಾ’. ಕೂದಲು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಆಸ್ಪತ್ರೆಯ ಕೋಮಾಕ್ಕೂ ಇದಕ್ಕೂ ನಂಟಿಲ್ಲ.

ವೇಗ ಎಂದರೇನು? ದರ್ಪಣದ ವ್ಯಾಸ 200 ಮಿ.ಮೀ., ಸಂಗಮ ದೂರ 800 ಮಿ.ಮೀ. ಇದ್ದರೆ ಅದು ಎಫ್/4. ಎಫ್/8ಕ್ಕೆ ಹೋಲಿಸಿದರೆ ನೀಹಾರಿಕೆಯ ಚಿತ್ರಕ್ಕೆ ಕಾಲು ಪಾಲು ಸಮಯ ಸಾಕು. ಆದರೆ ಪರವಲಯ ದರ್ಪಣವು ನೇರವಾಗಿ ಬಂದ ಕಿರಣಗಳನ್ನಷ್ಟೇ ಒಂದೇ ಬಿಂದುವಿಗೆ ಸೇರಿಸುತ್ತದೆ, ಓರೆಯಾಗಿ ಬಂದವನ್ನು ಹರಡುತ್ತದೆ. ಎಫ್/8ರಲ್ಲಿ ಕೋಮಾ ಬಾಧಿಸದ ವೃತ್ತದ ವ್ಯಾಸ ಸುಮಾರು 11 ಮಿ.ಮೀ.; ಎಫ್/4ರಲ್ಲಿ ಸುಮಾರು 1.4 ಮಿ.ಮೀ. ಮಾತ್ರ. ಸಾಮಾನ್ಯ ಡಿಎಸ್ಎಲ್ಆರ್ ಕ್ಯಾಮೆರಾದ ಸೆನ್ಸರ್ 22 ಮಿ.ಮೀ.ಗೂ ಹೆಚ್ಚು ಅಗಲ!

ಇದಕ್ಕೆ ಮದ್ದು, ಕ್ಯಾಮೆರಾದ ಮುಂದಿಡುವ ಮಸೂರಗಳ ಜೋಡಣೆಯಾದ ಕೋಮಾ ಕರೆಕ್ಟರ್. ಅಮೆರಿಕದ ಫ್ರಾಂಕ್ ರಾಸ್ 1935ರಲ್ಲೇ ಇಂತಹ ಮಸೂರಗಳ ಬಗ್ಗೆ ಬರೆದಿದ್ದರು. ಇಂದು ಅಂಗಡಿಯಲ್ಲಿ ಹಲವು ಬಗೆಗಳಿವೆ. ಆರಿಸುವಾಗ ಬೆಲೆಗಿಂತ ಮೊದಲು ಮೂರು ಸಂಗತಿ ನೋಡಬೇಕು.

ಒಂದು, ನಮ್ಮ ದೂರದರ್ಶಕದ ಎಫ್ ಸಂಖ್ಯೆಗೆ ಅದು ತಯಾರಾಗಿದೆಯೇ? ಎಫ್/5ಕ್ಕೆ ಒಗ್ಗುವುದೆಲ್ಲ ಎಫ್/4ಕ್ಕೆ ಒಗ್ಗುವುದಿಲ್ಲ.

ಎರಡು, ಸಂಗಮ ದೂರವನ್ನು ಅದು ಬದಲಿಸುತ್ತದೆಯೇ? ಬಾಡರ್ ಕಂಪನಿಯ ಎಂಪಿಸಿಸಿ ಬಹುತೇಕ ಬದಲಿಸುವುದಿಲ್ಲ. ಟೆಲಿವ್ಯೂನ ಪ್ಯಾರಾಕಾರ್ 1.15 ಪಟ್ಟು ಹೆಚ್ಚಿಸುತ್ತದೆ: 800 ಮಿ.ಮೀ. ಹೋಗಿ 920 ಆಗುತ್ತದೆ, ಎಫ್/4 ಹೋಗಿ ಎಫ್/4.6. ಅಂದರೆ ಮೂರನೇ ಒಂದರಷ್ಟು ಹೆಚ್ಚು ಸಮಯ ಬೇಕು. ಸ್ಟಾರಿಜೋನಾದ ನೆಕ್ಸಸ್ 0.75ಕ್ಕೆ ಇಳಿಸಿ ಎಫ್/3 ಮಾಡುತ್ತದೆ. ಸಮಯ ಉಳಿಯುತ್ತದೆ, ಆದರೆ ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಡುತ್ತದೆ.

ಮೂರು, ಕರೆಕ್ಟರ್‌ನಿಂದ ಸೆನ್ಸರ್‌ಗೆ ಇರಬೇಕಾದ ಅಂತರ. ಅನೇಕ ಕರೆಕ್ಟರ್‌ಗಳಿಗೆ ಇದು 55 ಮಿ.ಮೀ. ಕ್ಯಾನನ್ ಡಿಎಸ್ಎಲ್ಆರ್‌ನಲ್ಲಿ 44, ಟಿ-ರಿಂಗ್‌ನಲ್ಲಿ 11, ಲೆಕ್ಕ ಸರಿಹೋಯಿತು. ಮಧ್ಯೆ 2 ಮಿ.ಮೀ. ದಪ್ಪದ ಫಿಲ್ಟರ್ ಇಟ್ಟರೆ ಸುಮಾರು 0.7 ಮಿ.ಮೀ. ಕೂಡಿಸಬೇಕು. ದುಬಾರಿ ಕರೆಕ್ಟರ್ ತಂದು ಅಂತರ ತಪ್ಪಿಸಿದರೆ ಬಾಲ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಮಾತು. ನಾಲ್ಕೂ ಮೂಲೆಗಳಲ್ಲಿ ನಕ್ಷತ್ರಗಳು ಒಂದೇ ಸಮನಾಗಿ ಕೆಟ್ಟಿದ್ದರೆ ಅಂತರ ಪರೀಕ್ಷಿಸಿ. ಒಂದೇ ಕಡೆ ಹೆಚ್ಚು ಕೆಟ್ಟಿದ್ದರೆ ದರ್ಪಣಗಳ ಹೊಂದಾಣಿಕೆ ತಪ್ಪಿರಬಹುದು, ಇಲ್ಲವೇ ಕ್ಯಾಮೆರಾ ವಾಲಿರಬಹುದು. ಅದನ್ನು ಯಾವ ಕರೆಕ್ಟರ್ ಕೂಡ ಸರಿಪಡಿಸದು.

ವಿದ್ಯಾರ್ಥಿಗಳೇ, ಶಾಲೆಗೆ ಉಪಕರಣ ಕೊಳ್ಳುವುದು ದಾನಿಗಳ ಹಣದಿಂದ. ಕನ್ನಡದಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ಉರ್ದುವಿನ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ಸೊತ್ತು. ಆ ಹಣ ಅಂತಹ ಅಮಾನತ್. ದೊಡ್ಡ ಹೆಸರಿಗೆ ಮರುಳಾಗದೆ, ಅಗ್ಗಕ್ಕೆ ಆಸೆಪಡದೆ, ಮೊದಲು ಎಫ್ ಸಂಖ್ಯೆ, ಸೆನ್ಸರ್ ಅಳತೆ, ಅಂತರ ಇವನ್ನು ಹಾಳೆಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ನಡುವಿನ ಚಂದ್ರನೋ ಗ್ರಹವೋ ಸಾಕೆಂದರೆ ಕರೆಕ್ಟರ್ ಬೇಕಾಗಿಯೇ ಇಲ್ಲ. ಆ ಹಣದಲ್ಲಿ ನಾಲ್ಕು ಪುಸ್ತಕ ಕೊಳ್ಳಬಹುದು.