ಕನ್ನ ಹಾಕಿದ್ದು ಯಾರ ಮನೆಗೆ?

ಇವತ್ತು ರಾಜಕೀಯಕ್ಕೆ ಒಂದು ದಿನ ರಜೆ ಕೊಡೋಣ. ಸಿನಿಮಾ ಮಾತಾಡೋಣ. ಅದರಲ್ಲೂ ಕಳ್ಳತನದ ಸಿನಿಮಾ.

ಮೊನ್ನೆ ಭಾನುವಾರ ಮೈಸೂರಿಗೆ ಹೋಗಿದ್ದೆ. ವಿದ್ಯಾರಣ್ಯಪುರಂನಲ್ಲಿ ನಮ್ಮಕ್ಕನ ಮನೆ. ಊಟ ಮುಗಿಸಿ ಅಡ್ಡಾಗಿದ್ದೆ. ಅಕ್ಕನ ಮಗ, ಎಂಜಿನಿಯರಿಂಗ್ ಓದ್ತಿರೋ ಹುಡುಗ, 'ಮನಿ ಹೈಸ್ಟ್' ಹಾಕ್ಕೊಂಡು ಕೂತಿದ್ದ. ಮೂರನೇ ಸಲವಂತೆ! ಸ್ಪೇನ್ ದೇಶದ ಸರಣಿ, 2017ರಲ್ಲಿ ಶುರುವಾಗಿದ್ದು. ಕೆಂಪು ಬಟ್ಟೆ, ಮುಖವಾಡ ತೊಟ್ಟ ಗುಂಪೊಂದು ನೋಟು ಮುದ್ರಿಸುವ ಜಾಗಕ್ಕೇ ನುಗ್ಗುತ್ತೆ. ಒಳಗೇ ಕೂತು ಬೇಕಾದಷ್ಟು ನೋಟು ಅಚ್ಚು ಹಾಕಿಕೊಳ್ಳುತ್ತೆ.

"ಮಾವ, ನಮ್ಮೂರಲ್ಲೂ ನೋಟು ಪ್ರಿಂಟ್ ಮಾಡೋ ಪ್ರೆಸ್ ಇದೆಯಲ್ವಾ?" ಅಂದ. ಇದೆ. ರಿಸರ್ವ್ ಬ್ಯಾಂಕಿಗೆ ಸೇರಿದ ನೋಟು ಮುದ್ರಣಾಲಯ ಮೈಸೂರಿನಲ್ಲಿ 1996ರಿಂದ ಕೆಲಸ ಮಾಡ್ತಿದೆ. ಹುಡುಗನ ಕಣ್ಣು ಮಿನುಗಿತು. ಕದಿಯೋ ಹುಡುಗ ಅಲ್ಲ ಬಿಡಿ, 'ಒಳಗೆ ಹೇಗೆ ಹೋಗ್ತಾರೆ' ಅನ್ನೋ ಕುತೂಹಲ. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಒಂದು ಮಾತು ಹೇಳಿದಳು. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಇನ್ನೊಂದು ಊರಿಗೆ ಹೋಗಿ ಬರೋಣ. ದಾವಣಗೆರೆ ಜಿಲ್ಲೆಯ ನ್ಯಾಮತಿ. 2024ರ ಅಕ್ಟೋಬರ್ ಕೊನೆಯ ವಾರ. ಬೆಳಗ್ಗೆ ಸ್ಟೇಟ್ ಬ್ಯಾಂಕ್ ಶಾಖೆಯ ಬಾಗಿಲು ತೆಗೆದರೆ ಲಾಕರ್ ಕೊರೆದು ಹೋಗಿದೆ. ಸುಮಾರು 17 ಕೆಜಿ ಚಿನ್ನ ಮಾಯ. ಮೌಲ್ಯ 13 ಕೋಟಿ ರೂಪಾಯಿ ಆಸುಪಾಸು. ನೆಲದ ಮೇಲೆಲ್ಲ ಖಾರದ ಪುಡಿ. ಸಿಸಿಟಿವಿ ದಾಖಲೆ ಇರುವ ಪೆಟ್ಟಿಗೆಯೂ ಇಲ್ಲ. ಐದು ತಿಂಗಳಾದ ಮೇಲೆ ಪೊಲೀಸರು ಆರು ಜನರನ್ನು ಹಿಡಿದರು. ಪೊಲೀಸರು ಹೇಳಿದ್ದು ಇಷ್ಟು: ಪ್ರಮುಖ ಆರೋಪಿ ಅದೇ ಊರಲ್ಲಿ ಸಿಹಿತಿಂಡಿ ಅಂಗಡಿ ನಡೆಸುತ್ತಿದ್ದವನು. ಅದೇ ಬ್ಯಾಂಕಿನಲ್ಲಿ 15 ಲಕ್ಷ ಸಾಲ ಕೇಳಿದ್ದ, ಸಿಗಲಿಲ್ಲ. ಆಮೇಲೆ 'ಮನಿ ಹೈಸ್ಟ್' ನೋಡಿದ, ಯೂಟ್ಯೂಬ್ ನೋಡಿದ, ತಿಂಗಳುಗಟ್ಟಲೆ ಯೋಜನೆ ಹಾಕಿದ. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ.

ಆವತ್ತು ನಾವು ಟಿವಿಯವರು ಏನು ಹೇಳಿದ್ವಿ, ನೆನಪಿದೆಯಾ? "ಸಿನಿಮೀಯ ರೀತಿಯಲ್ಲಿ ದರೋಡೆ!" ಹಿನ್ನೆಲೆಗೆ ಢಂ ಢಂ ಅಂತ ಸಂಗೀತ. ನಾನೂ ಹೇಳಿದ್ದೀನಿ. ಅವರು ಹೇಗೆ ಬಂದರು, ಹೇಗೆ ಕೊರೆದರು, ಹೇಗೆ ಹೋದರು, ಎಲ್ಲ ತೋರಿಸಿದ್ವಿ. ಆ ಚಿನ್ನ ಯಾರದ್ದು ಅಂತ ಎಷ್ಟು ಹೊತ್ತು ತೋರಿಸಿದ್ವಿ? ಲೆಕ್ಕ ಹಾಕಿದರೆ ನನಗೇ ನಾಚಿಕೆ ಆಗುತ್ತೆ.

ಈಗ ಮುಖ್ಯ ಪ್ರಶ್ನೆ. ಮನೆಗೆ ಕಳ್ಳ ನುಗ್ಗಿದರೆ ಬಡಿಗೆ ಹಿಡಿಯೋ ನಾವು, ಪರದೆ ಮೇಲೆ ಕಳ್ಳ ಸಿಕ್ಕಿಬೀಳಬಾರದು ಅಂತ ಯಾಕೆ ಹರಕೆ ಹೊರ್ತೀವಿ?

ಒಂದು, ಅಚ್ಚುಕಟ್ಟಾದ ಕೆಲಸ. ನಮ್ಮ ಸುತ್ತ ನೋಡಿ. ರಸ್ತೆಗೆ ಟಾರು ಹಾಕಿದ ವಾರಕ್ಕೆ ಪೈಪಿಗಾಗಿ ಅಗೆಯುತ್ತಾರೆ. ಸಿನಿಮಾ ಕಳ್ಳರು ಹಾಗಲ್ಲ. ಒಬ್ಬ ಬೀಗ ತೆಗೆಯುವವನು, ಒಬ್ಬ ಗಾಡಿ ಓಡಿಸುವವನು, ಒಬ್ಬ ವೇಷ ಹಾಕುವವನು. ಅವರವರ ಕೆಲಸ ಅವರವರಿಗೆ ಗೊತ್ತು, ಹೇಳಿದ ಟೈಮಿಗೆ ಆಗುತ್ತೆ. ಸರ್ಕಾರಿ ಕಚೇರಿಯಲ್ಲಿ ನಾವು ಎಂದೂ ಕಾಣದ ಶಿಸ್ತು ಅದು!

ಎರಡು, ನಮ್ಮೊಳಗಿನ ಸಿಟ್ಟು. ಸಾಲಕ್ಕೆ ಅಲೆದವರಿಗೆ, ಕೌಂಟರಿನಲ್ಲಿ "ನಾಳೆ ಬನ್ನಿ" ಅನ್ನಿಸಿಕೊಂಡವರಿಗೆ, ಬ್ಯಾಂಕಿನ ತಿಜೋರಿ ತೆರೆದುಕೊಂಡಾಗ ಸಣ್ಣ ಖುಷಿ ಆಗುತ್ತೆ. ಸುಳ್ಳು ಯಾಕೆ ಹೇಳ್ಬೇಕು?

ಮೂರನೆಯದೇ ದೊಡ್ಡ ಚಮತ್ಕಾರ. ಇಂಥ ಸಿನಿಮಾಗಳು ಚಿನ್ನದ ಮಾಲೀಕನನ್ನ ನಮ್ಮ ಕಣ್ಣಿಂದ ಮರೆಮಾಡುತ್ತವೆ. ಇಲ್ಲವೇ ಅವನನ್ನ ದುಷ್ಟ ಮಾಡಿಬಿಡುತ್ತವೆ. ಜೂಜುಕಟ್ಟೆಯ ಧಣಿ, ಲಂಚಕೋರ ಮಂತ್ರಿ, ಹೀಗೆ. 'ಮನಿ ಹೈಸ್ಟ್'ನ ಪ್ರೊಫೆಸರ್ ವಾದವೂ ಅದೇ: ನೋಟು ನಾವೇ ಮುದ್ರಿಸಿಕೊಳ್ತೀವಿ, ಯಾರ ದುಡ್ಡನ್ನೂ ಕದಿಯಲ್ಲ. ಕಳೆದುಕೊಂಡವನೇ ಇಲ್ಲದ ಕಳ್ಳತನ! ಅದನ್ನ ನೋಡೋಕೆ ಯಾರಿಗೆ ಬೇಜಾರು?

ಇದು ಇವತ್ತಿನ ವಿಷಯ ಅಲ್ಲ. ಒಂದೂವರೆ ಸಾವಿರ ವರ್ಷಕ್ಕೂ ಹಳೆಯದು ಅಂತ ಹೇಳುವ ನಾಟಕ, ಶೂದ್ರಕನ 'ಮೃಚ್ಛಕಟಿಕ'. ಅದರಲ್ಲಿ ಶರ್ವಿಲಕ ಅಂತ ಒಬ್ಬ ಕಳ್ಳ. ಚಾರುದತ್ತನ ಮನೆ ಗೋಡೆಗೆ ಕನ್ನ ಹಾಕಬೇಕು. ಕನ್ನ ಯಾವ ಆಕಾರದಲ್ಲಿ ಇರಬೇಕು ಅಂತ ಯೋಚಿಸ್ತಾನೆ. ಕಮಲದ ಹಾಗಾ, ಅರ್ಧಚಂದ್ರನ ಹಾಗಾ? ಕೊನೆಗೆ ಪೂರ್ಣಕುಂಭದ ಆಕಾರ. ಅಳತೆ ದಾರ ಮರೆತು ಬಂದಿದ್ದಾನೆ. ಜನಿವಾರದಲ್ಲೇ ಅಳೆಯುತ್ತಾನೆ!

ಬೆಳಗ್ಗೆ ಚಾರುದತ್ತ ಆ ಕನ್ನ ನೋಡಿ ಮೆಚ್ಚಿಕೊಳ್ಳುತ್ತಾನೆ. ಬಡವನ ಮನೆಗೆ ಬಂದ ಕಳ್ಳ ಬರಿಗೈಲಿ ಹೋಗಲಿಲ್ಲವಲ್ಲ ಅಂತ ಸಮಾಧಾನವೂ ಪಡುತ್ತಾನೆ. ಆಮೇಲೆ ಗೊತ್ತಾಗುತ್ತೆ, ಹೋಗಿದ್ದು ತನ್ನ ಒಡವೆ ಅಲ್ಲ. ವಸಂತಸೇನೆ ನಂಬಿ ಇಟ್ಟುಹೋಗಿದ್ದ ಒಡವೆ. ಅಲ್ಲಿಗೆ ಮೂರ್ಛೆ ಹೋಗುತ್ತಾನೆ. ಸಾಲ ತೀರಿಸೋಕೆ ಹೆಂಡತಿ ತನ್ನ ಕೊರಳ ಹಾರ ಬಿಚ್ಚಿಕೊಡಬೇಕಾಗುತ್ತೆ.

ಕನ್ನ ಮೆಚ್ಚಿದವನೂ ಅವನೇ, ಕುಸಿದವನೂ ಅವನೇ. ನಡುವೆ ಬಂದಿದ್ದು ಒಂದೇ ಪ್ರಶ್ನೆ: ಒಡವೆ ಯಾರದ್ದು? ನ್ಯಾಮತಿಯಲ್ಲಿ ಹೋದದ್ದೂ ನಂಬಿ ಇಟ್ಟ ಒಡವೆಯೇ. ಚಿನ್ನ ಅಡ ಇಟ್ಟು ಸಾಲ ತೆಗೆದವರ ಬಳೆ, ಸರ, ಮಾಂಗಲ್ಯ. ಬ್ಯಾಂಕು ಬರೀ ಕಾವಲುಗಾರ. ಬ್ಯಾಂಕಿನ ಮೇಲಿನ ಸಿಟ್ಟು ಬಿದ್ದಿದ್ದು ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತವರ ಮೇಲೆ.

ಹಾಗಂತ ಸಿನಿಮಾ ನೋಡಬೇಡಿ ಅಂತೀನಾ? ಖಂಡಿತ ಇಲ್ಲ. ಕೋಟ್ಯಂತರ ಜನ ನೋಡಿದ್ದನ್ನ ನೋಡಿ ಒಬ್ಬ ಕನ್ನ ಹಾಕಿದರೆ ತಪ್ಪು ಸಿನಿಮಾದ್ದಲ್ಲ. ನನ್ನ ಚಿಕ್ಕ ಪಟ್ಟಿ ಬರ್ಕೊಳ್ಳಿ.

ಮೊದಲು 'ರಿಫಿಫಿ', 1955ರ ಫ್ರೆಂಚ್ ಚಿತ್ರ, ಜೂಲ್ಸ್ ಡಾಸಿನ್ ನಿರ್ದೇಶನ. ಮೇಲಿನ ಮನೆಯಿಂದ ಕೆಳಗಿನ ಒಡವೆ ಅಂಗಡಿಗೆ ಕನ್ನ. ಉದುರುವ ಗಾರೆ ಸದ್ದು ಮಾಡದಿರಲಿ ಅಂತ ತೂತಿನಿಂದ ಛತ್ರಿ ಇಳಿಸಿ ಬಿಚ್ಚುತ್ತಾರೆ! ಸುಮಾರು ಅರ್ಧ ಗಂಟೆ ಮಾತಿಲ್ಲ, ಸಂಗೀತವಿಲ್ಲ. ಆದರೆ ಚಿತ್ರ ಅಲ್ಲಿಗೆ ಮುಗಿಯಲ್ಲ. ಆ ಒಡವೆ ಒಬ್ಬೊಬ್ಬರನ್ನೇ ಹೇಗೆ ನುಂಗುತ್ತೆ ಅನ್ನೋದೇ ಉಳಿದ ಕಥೆ.

ಎರಡು, 'ಡಾಗ್ ಡೇ ಆಫ್ಟರ್‌ನೂನ್', 1975. ಅಲ್ ಪಚಿನೊ ಅಭಿನಯ. ನ್ಯೂಯಾರ್ಕಿನಲ್ಲಿ 1972ರಲ್ಲಿ ನಡೆದ ನಿಜ ಘಟನೆ ಆಧರಿಸಿದ್ದು. ಬ್ಯಾಂಕಿಗೆ ನುಗ್ಗಿದರೆ ಒಳಗೆ ಹೆಚ್ಚು ದುಡ್ಡೇ ಇಲ್ಲ. ಹೊರಗೆ ಜನಜಾತ್ರೆ, ಚಪ್ಪಾಳೆ, ಟಿವಿ ಕ್ಯಾಮೆರಾ. ನಮ್ಮ ಕಸುಬಿನವರು ತಪ್ಪದೆ ನೋಡಬೇಕಾದ ಚಿತ್ರ.

ಮೂರು, ಹಿಂದಿಯ 'ಸ್ಪೆಷಲ್ 26', 2013. 1987ರಲ್ಲಿ ಮುಂಬೈನ ಒಡವೆ ಅಂಗಡಿಯೊಂದಕ್ಕೆ ಸಿಬಿಐ ಅಧಿಕಾರಿ ಅಂತ ಹೇಳಿಕೊಂಡು ನುಗ್ಗಿದವನ ಪ್ರಕರಣವೇ ಮೂಲ. 'ಹಳೇ ಕಾಲ, ಈಗ ಇದೆಲ್ಲ ನಡೆಯಲ್ಲ' ಅಂತೀರಾ? 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಎಟಿಎಂ ಹಣದ ವಾಹನ ನಿಲ್ಲಿಸಿ 7.11 ಕೋಟಿ ಹೊತ್ತೊಯ್ದರಲ್ಲ, ಅವರು ಹೇಳಿದ್ದೂ "ನಾವು ಆರ್‌ಬಿಐ ಅಧಿಕಾರಿಗಳು" ಅಂತಲೇ. ಬಂಧಿತರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್!

ಬರೀ ಮಜಾ ಬೇಕಾ? 2001ರ 'ಓಷನ್ಸ್ ಇಲೆವೆನ್' ಹಾಕ್ಕೊಳ್ಳಿ. ಹನ್ನೊಂದು ಜನ, ಮೂರು ಕ್ಯಾಸಿನೊ. ಲಾಜಿಕ್ ಕೇಳಬೇಡಿ.

ಇನ್ನು ಕನ್ನಡಕ್ಕೆ ಬನ್ನಿ. 1980ರ 'ಮಿಂಚಿನ ಓಟ'. ಶಂಕರ್‌ನಾಗ್ ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ. ಅಣ್ಣ ಅನಂತ್‌ನಾಗ್, ತಮ್ಮ ಶಂಕರ್, ಜೊತೆಗೆ ಲೋಕನಾಥ್. ಕಾರು ಕದಿಯುವವರ ಕಥೆ, ಜೈಲಿನಿಂದ ಪಾರಾಗುವ ಯೋಜನೆ. ಕಳ್ಳನಿಗೂ ಹಸಿವು, ಭಯ, ಒಂಟಿತನ ಇರುತ್ತೆ ಅಂತ ತೋರಿಸಿದ ಚಿತ್ರ. ಇನ್ನೊಂದು ಸ್ವಾರಸ್ಯ ನೋಡಿ. ಗಿರೀಶ್ ಕಾರ್ನಾಡರು ಅದೇ 'ಮೃಚ್ಛಕಟಿಕ'ವನ್ನ 1984ರಲ್ಲಿ ಹಿಂದಿಯಲ್ಲಿ 'ಉತ್ಸವ್' ಮಾಡಿದಾಗ ಕನ್ನ ಹಾಕುವ ಕಳ್ಳನ ಪಾತ್ರ ಮಾಡಿದ್ದೂ ನಮ್ಮ ಶಂಕರ್‌ನಾಗ್!

2019ರಲ್ಲಿ ಎರಡು ಬಂದವು. 'ಬೆಲ್ ಬಾಟಂ'ನಲ್ಲಿ ಕಳ್ಳತನ ಆಗೋದೇ ಪೊಲೀಸ್ ಠಾಣೆಯಲ್ಲಿ. ವಶಪಡಿಸಿಕೊಂಡ ಮಾಲೇ ಮಾಯ. ಮನೆಮಂದಿಯೆಲ್ಲ ಕೂತು ನಗಬಹುದು. 'ಅವನೇ ಶ್ರೀಮನ್ನಾರಾಯಣ'ದಲ್ಲಿ ನಾಟಕದವರು ದೋಚಿಟ್ಟ ನಿಧಿ, ಅದರ ಹಿಂದೆ ಎಲ್ಲರ ಓಟ. ಉದ್ದ ಜಾಸ್ತಿ ಆಯ್ತು, ಆದರೂ ಆ ಲೋಕ ಕಟ್ಟಿದ ಧೈರ್ಯಕ್ಕಾಗಿ ನೋಡಿ.

ಈಗ ಅಕ್ಕ ಹೇಳಿದ ಮಾತು.

2021ರ ಆಗಸ್ಟ್ ತಿಂಗಳು. ಅದೇ ವಿದ್ಯಾರಣ್ಯಪುರಂನ ಚಿನ್ನದಂಗಡಿಗೆ ಸಂಜೆ ಹೊತ್ತು ದರೋಡೆಕೋರರು ನುಗ್ಗಿದರು. ಗುಂಡು ಹಾರಿಸಿದರು. ತಗುಲಿದ್ದು ಅಂಗಡಿ ಮಾಲೀಕನಿಗಲ್ಲ. ಕಿವಿಯೋಲೆ ಕೊಳ್ಳೋಕೆ ಬಂದಿದ್ದ ಒಬ್ಬ ಯುವಕನಿಗೆ. ಆತ ಉಳಿಯಲಿಲ್ಲ.

ಮಗ ನೋಟಿನ ಪ್ರೆಸ್ಸಿನ ಮಾತು ಎತ್ತಿದಾಗ ಅಕ್ಕ ಸೌಟು ಹಿಡ್ಕೊಂಡೇ ಹೊರಗೆ ಬಂದಳು. "ಆ ಹುಡುಗ ಒಂದು ಜೊತೆ ಓಲೆಗೆ ಬಂದಿದ್ದ ಕಣೋ. ನಿನ್ನ ಸಿನಿಮಾದಲ್ಲಿ ಅಂಥವರನ್ನ ತೋರಿಸ್ತಾರಾ?" ಅಂದಳು. ಹುಡುಗ ರಿಮೋಟ್ ಕೆಳಗಿಟ್ಟ. ನಾನೂ ಮಾತಾಡಲಿಲ್ಲ.

ಸಿನಿಮಾ ನೋಡಿ. ಕನ್ನದ ಆಕಾರ ಮೆಚ್ಚಿಕೊಳ್ಳಿ, ಚಾರುದತ್ತನೇ ಮೆಚ್ಚಿದ್ದಾನೆ. ಮುಗಿದ ಮೇಲೆ ಒಂದೇ ಒಂದು ಸಲ ಕೇಳಿಕೊಳ್ಳಿ, ಒಡವೆ ಯಾರದ್ದು ಅಂತ. ನಾನೂ ಕೇಳಿಕೊಳ್ತೀನಿ. ಇನ್ನು ಮುಂದೆ ಈ ಕಾರ್ಯಕ್ರಮದಲ್ಲಿ ಯಾವುದಾದರೂ ದರೋಡೆಗೆ 'ಸಿನಿಮೀಯ' ಅಂದರೆ, ಫೋನ್ ಮಾಡಿ ಬೈಯಿರಿ.