ಬ್ಯಾರನ್ ಕಾಯೋ ಹುಡುಗನಿಗೆ ಮನೇಲೇ ಬಿ.ಟೆಕ್ ಸಿಗುತ್ತಾ?

ಇವತ್ತಿನ ವಿಷಯ ಆನ್‌ಲೈನ್‌ನಲ್ಲಿ ಕೈಗಾರಿಕಾ ತಂತ್ರಜ್ಞಾನ ಓದೋದು. ಆದ್ರೆ ನಾನು ಶುರು ಮಾಡೋದು ಪಿರಿಯಾಪಟ್ಟಣ ತಾಲ್ಲೂಕಿನ ತಂಬಾಕು ಎಲೆ ಒಣಗಿಸೋ ಒಂದು ಬ್ಯಾರನ್‌ನಿಂದ. ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದೇ ಅಲ್ಲಿ.

ಆಗಸ್ಟ್ ತಿಂಗಳು, ರಾತ್ರಿ ಎರಡು ಗಂಟೆ, ಹೊರಗೆ ಸೋನೆ ಮಳೆ. ಒಬ್ಬ ಹುಡುಗ ಒಲೆಗೆ ಸೌದೆ ತಳ್ಳಿ, ಎದ್ದು ಬಂದು, ಗೋಡೆಯ ಕಿಂಡಿಗೆ ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡ್ತಿದ್ದ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಾನೆ. ಮೈಸೂರಿನ ಹೂಟಗಳ್ಳಿ ಕಡೆ ಕೆಲಸ, ಬ್ಯಾರನ್ ಹೊತ್ತಿಗೆ ಅಪ್ಪನ ಜೊತೆ ನಿಲ್ಲೋಕೆ ರಜೆ ಹಾಕಿ ಬಂದಿದ್ದ. "ಅಣ್ಣ, ಒಸಿ ಇದನ್ನ ನೋಡಿ" ಅಂತ ಮೊಬೈಲ್ ಕೊಟ್ಟ. ಅದರಲ್ಲಿ ಒಂದು ಜಾಹೀರಾತು: ಮನೇಲೇ ಕೂತು ಬಿ.ಟೆಕ್, ಒಂದೇ ವರ್ಷ, ಕಂತಿನಲ್ಲಿ ಫೀಸು. "ಸೇರ್ಕೊಳ್ಳಲಾ ಅಣ್ಣ?"

ಬೇಡ. ಯಾಕೆ ಬೇಡ ಅಂತ ಹೇಳ್ತೀನಿ. ಅದಕ್ಕೆ ಮೊದಲು ಆ ಬ್ಯಾರನ್ ಒಳಗೆ ಏನಾಗ್ತಿತ್ತು ಅಂತ ಕೇಳಿ, ಯಾಕಂದ್ರೆ ನನ್ನ ಪೂರ್ತಿ ವಾದ ನಿಂತಿರೋದು ಅದರ ಮೇಲೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯೋದು ವರ್ಜೀನಿಯಾ ತಂಬಾಕು. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕ್ತಾರೆ. ಒಲೆ ಬಾಯಿ ಹೊರಗೆ. ಅದರ ಬಿಸಿ ಹೊಗೆ ದಪ್ಪ ಕೊಳವೆಯೊಳಗೆ ನೆಲದ ಮೇಲೆ ಸುತ್ತಿ ಹೊರಗೆ ಹೋಗುತ್ತೆ, ಎಲೆಗೆ ಹೊಗೆ ತಾಗೋದೇ ಇಲ್ಲ, ಬಿಸಿ ಮಾತ್ರ ತಾಗುತ್ತೆ. ಮೊದಲ ಒಂದೂವರೆ ದಿನ ಸುಮಾರು 35 ಡಿಗ್ರಿ, ಗಾಳಿಯಲ್ಲಿ ತೇವ ಜಾಸ್ತಿ ಇರಬೇಕು. ಎಲೆ ಇನ್ನೂ ಜೀವಂತ ಇರುತ್ತೆ. ಒಳಗಿನ ಪಿಷ್ಟ ಸಕ್ಕರೆ ಆಗುತ್ತೆ, ಹಸಿರು ಕರಗಿ ಹಳದಿ ಬರುತ್ತೆ. ಆಮೇಲೆ ಗಾಳಿಕಿಂಡಿ ಬಿಟ್ಟು, ನಿಧಾನಕ್ಕೆ 50 ಡಿಗ್ರಿ ದಾಟಿಸಿ ಎಲೆ ಒಣಗಿಸ್ತಾರೆ. ಕೊನೆಗೆ 70 ಡಿಗ್ರಿ ಹತ್ತಿರಕ್ಕೆ ಏರಿಸಿ ನಡುದಂಟು ಒಣಗಿಸ್ತಾರೆ. ಒಟ್ಟು ಐದಾರು ದಿನ. ಅವಸರಪಟ್ಟು ಬಿಸಿ ಏರಿಸಿದ್ರೆ ಹಸಿರು ಹಾಗೇ ಕೂತ್ಬಿಡುತ್ತೆ. ತೇವ ಹೊರಗೆ ಹೋಗೋದು ತಡವಾದ್ರೆ ಎಲೆ ಕಂದು ತಿರುಗುತ್ತೆ. ಎರಡೂ ಕಡೆ ನಷ್ಟ. ಹರಾಜು ಕಟ್ಟೆಯಲ್ಲಿ ಬೇಲ್ ಬಿಚ್ಚಿದಾಗ ಬಣ್ಣವೇ ಬೆಲೆ ಹೇಳೋದು.

ಆ ಹುಡುಗ ನೋಡ್ತಿದ್ದದ್ದು ಎರಡು ಥರ್ಮಾಮೀಟರ್. ಒಂದು ಒಣ ಬುರುಡೆಯದು, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರ್ತಾರೆ. ಎರಡರ ಅಂತರ ನೋಡಿದ್ರೆ ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಗೊತ್ತಾಗುತ್ತೆ. ಎಂಜಿನಿಯರಿಂಗ್ ಕಾಲೇಜಲ್ಲಿ ಇದೇ ಪಾಠಕ್ಕೆ ಸೈಕ್ರೋಮೆಟ್ರಿ ಅಂತ ಹೆಸರು. ಅವನು ಡಿಪ್ಲೊಮಾದಲ್ಲಿ ಓದಿದ್ದನಂತೆ. ಅವರಪ್ಪ ಓದಿಲ್ಲ. ಆದ್ರೆ ಅವರು ಗೋಡೆಗೆ ಕೈ ಇಟ್ಟು, ಮೂಸಿ ನೋಡಿ, "ಇನ್ನೊಂದು ಗಂಟೆ ಬಿಡು" ಅಂದ್ರು. ಅದಕ್ಕೆ ನಮ್ಮಲ್ಲಿ ಒಂದೇ ಮಾತಿದೆ: ಹದ. ಕೈಗಾರಿಕಾ ತಂತ್ರಜ್ಞಾನ ಅನ್ನೋದನ್ನ ನನಗೆ ಒಂದೇ ಪದದಲ್ಲಿ ಹೇಳು ಅಂದ್ರೆ ನಾನು ಇದನ್ನೇ ಹೇಳ್ತೀನಿ. ಬಿಸಿ ಎಷ್ಟು, ತೇವ ಎಷ್ಟು, ಹೊತ್ತು ಎಷ್ಟು. ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡೋದಿದ್ದರೂ ಕೇಳೋದು ಇದೇ ಲೆಕ್ಕ.

ಈಗ ಆ ಜಾಹೀರಾತಿಗೆ ಬರೋಣ. ಅದರಲ್ಲಿ ದೊಡ್ಡಕ್ಷರದಲ್ಲಿ ಇದ್ದದ್ದು "ಯುಜಿಸಿ ಮಾನ್ಯತೆ ಇದೆ" ಅಂತ. ಇದರ ಜೊತೆ ನಾನು ಜಗಳ ಆಡಲೇಬೇಕು. ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇರಬಹುದು. ಆ ಕೋರ್ಸನ್ನ ಆನ್‌ಲೈನ್‌ನಲ್ಲಿ ಕೊಡೋಕೆ ಅನುಮತಿ ಇದೆಯಾ ಅನ್ನೋದು ಬೇರೆಯೇ ಪ್ರಶ್ನೆ. ಯುಜಿಸಿಯ 2020ರ ನಿಯಮಾವಳಿಯಲ್ಲಿ ಸ್ಪಷ್ಟ ಇದೆ: ಎಂಜಿನಿಯರಿಂಗ್ ಪದವಿಯನ್ನ ದೂರಶಿಕ್ಷಣದಲ್ಲೂ ಕೊಡೋ ಹಾಗಿಲ್ಲ, ಆನ್‌ಲೈನ್‌ನಲ್ಲೂ ಕೊಡೋ ಹಾಗಿಲ್ಲ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಜೊತೆಗೇ ಇದೂ ನಿಷೇಧದ ಪಟ್ಟಿಯಲ್ಲಿದೆ.

ಇನ್ನು ಆ "ಒಂದೇ ವರ್ಷ". ಡಿಪ್ಲೊಮಾ ಮುಗಿಸಿದವನು ನೇರ ಎರಡನೇ ವರ್ಷಕ್ಕೆ ಸೇರಿದ್ರೂ ಬಿ.ಇ.ಗೆ ಇನ್ನೂ ಮೂರು ವರ್ಷ ಬೇಕು. ಒಂದೇ ವರ್ಷದಲ್ಲಿ ಕೊಡ್ತೀವಿ ಅಂದ್ರೆ ಹಿಂದಿನ ತಾರೀಖು ಹಾಕಿ ಅಡ್ಮಿಶನ್ ತೋರಿಸ್ತಾರೆ ಅಂತಲೇ ಅರ್ಥ. ಅದು ಪದವಿ ಅಲ್ಲ, ಸುಳ್ಳು ದಾಖಲೆ. ನಾಳೆ ಕಂಪನಿಯವರು ಪರಿಶೀಲನೆಗೆ ಕಳಿಸಿದ್ರೆ ಸಿಕ್ಕಿಬೀಳೋದು ಏಜೆಂಟ್ ಅಲ್ಲ, ಈ ಹುಡುಗ. ನನ್ನ ಚಿಕ್ಕಪ್ಪನ ಮಗ ಹೀಗೇ ಒಂದು ಕಡೆ ಎರಡು ಕಂತು ಕಟ್ಟಿದ. ಮೂರನೇ ಕಂತಿನ ಹೊತ್ತಿಗೆ ಆ ಆಫೀಸಿಗೆ ಬೀಗ ಬಿದ್ದಿತ್ತು. ಹಸು ಮಾರಿದ ದುಡ್ಡು ಅದು.

2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ದೂರಶಿಕ್ಷಣದ ಬಿ.ಟೆಕ್ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಮೊಕದ್ದಮೆ ಶುರುವಾದದ್ದು ಒಡಿಶಾದ ಏತ ನೀರಾವರಿ ನಿಗಮದ ನೌಕರರ ಬಡ್ತಿಯ ತಕರಾರಿನಿಂದ. ಅವರಲ್ಲಿ ಕೆಲವರು ಕೆಲಸ ಮಾಡ್ತಾನೇ ದೂರಶಿಕ್ಷಣದಲ್ಲಿ ಬಿ.ಟೆಕ್ ತಗೊಂಡಿದ್ರು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ಹಾಗೆ ಕೊಟ್ಟ ಪದವಿಗಳನ್ನ ಕೋರ್ಟ್ ಒಪ್ಪಲಿಲ್ಲ. 2001ರಿಂದ 2005ರವರೆಗೆ ಸೇರಿದವರ ಪದವಿ ಅಮಾನತು, ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಎಐಸಿಟಿಇ ನಡೆಸೋ ಪರೀಕ್ಷೆ ಪಾಸಾದ್ರೆ ಮಾತ್ರ ಊರ್ಜಿತ. ಆಮೇಲೆ ಸೇರಿದವರದ್ದು ರದ್ದು.

ನಮ್ಮ ಮೈಸೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಮುಕ್ತಗಂಗೋತ್ರಿ. ಹೊರಗಿನ ಸಂಸ್ಥೆಗಳ ಜೊತೆ ಸೇರಿ, ರಾಜ್ಯದ ಗಡಿ ದಾಟಿ, ತಾಂತ್ರಿಕ ಕೋರ್ಸ್‌ಗಳನ್ನೂ ನಡೆಸಿದ ಕಾರಣಕ್ಕೆ 2015ರ ಜೂನ್‌ನಲ್ಲಿ ಯುಜಿಸಿ ನೋಟಿಸ್ ಹೊರಡಿಸಿ, 2012-13ರ ಆಚೆಗೆ ಮಾನ್ಯತೆ ಇಲ್ಲ ಅಂದಿತು. ಅದರಲ್ಲಿ ಬಿ.ಎ., ಬಿ.ಕಾಂ. ಓದ್ತಿದ್ದ ನಮ್ಮ ಹಳ್ಳಿ ಹೆಣ್ಣುಮಕ್ಕಳೂ ಸಿಕ್ಕಿಕೊಂಡ್ರು. 2018ರ ಆಗಸ್ಟ್‌ನಲ್ಲಿ ಮಾನ್ಯತೆ ವಾಪಸ್ ಬಂತು.

ಇಲ್ಲಿ ಒಂದು ಸ್ಪಷ್ಟನೆ ಕೊಡ್ಬೇಕು, ಇಲ್ಲಾಂದ್ರೆ ತಪ್ಪು ತಿಳ್ಕೋತೀರಿ. ಮುಕ್ತ ವಿವಿ ಬೇಡ ಅಂತ ನಾನು ಹೇಳ್ತಿಲ್ಲ. ಅನುಮತಿ ಇರೋ ಕೋರ್ಸ್‌ಗೆ ಅಲ್ಲಿ ಧೈರ್ಯವಾಗಿ ಸೇರಬಹುದು, ಆ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ನಾನು ಹೇಳ್ತಿರೋದು ಎಂಜಿನಿಯರಿಂಗ್ ಹೆಸರಿನ ಪದವಿ ಬಗ್ಗೆ ಮಾತ್ರ.

ಹಾಗಾದ್ರೆ ಕಾನೂನು ಸರಿನಾ? ಅರ್ಧ ಸರಿ. ಲೇತ್ ಮುಟ್ಟದವನು, ವೆಲ್ಡಿಂಗ್ ಕಿಡಿ ನೋಡದವನು ವಿಡಿಯೊ ನೋಡಿ ಎಂಜಿನಿಯರ್ ಆಗಬಾರದು. ಕಲಿಕೆ ಕೈಯಲ್ಲಿ ಉಳಿಯುತ್ತೆ ಅನ್ನೋದಕ್ಕೆ ಹುಣಸೂರೇ ಸಾಕ್ಷಿ. ಅಲ್ಲಿ ಬ್ರಿಟಿಷ್ ಸೈನ್ಯದ ಸರಬರಾಜು ಇಲಾಖೆ ಚರ್ಮ ಹದ ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೋಠಿ ನಡೆಸಿತ್ತು. 1864ರಲ್ಲಿ ಎಲ್ಲ ಮುಚ್ಚಿತು. ಕಾರ್ಖಾನೆ ಹೋದ್ರೂ ಕಸುಬು ಹೋಗ್ಲಿಲ್ಲ, ಬೂಟು, ಕಂಬಳಿ ಮಾಡೋ ಕೆಲಸ ಊರಲ್ಲಿ ಮುಂದುವರೀತು.

ಇನ್ನರ್ಧ ತಪ್ಪು ಯಾಕೆ ಅಂದ್ರೆ, ಹಿಂದೆ ಬಡವರಿಗೆ ಒಂದು ಬಾಗಿಲು ಇತ್ತು. ಎಎಂಐಇ. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸೋ ಪರೀಕ್ಷೆ. ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಓದಿ, ಎ ಮತ್ತು ಬಿ ಅನ್ನೋ ಎರಡು ವಿಭಾಗ ಪಾಸಾದ್ರೆ ಸರ್ಕಾರಿ ಕೆಲಸಕ್ಕೆ ಬಿ.ಇ.ಗೆ ಸಮ. ಕಷ್ಟದ ಪರೀಕ್ಷೆ, ಆದ್ರೆ ಪ್ರಾಮಾಣಿಕ ಪರೀಕ್ಷೆ. ಕೇಂದ್ರ ಸರ್ಕಾರ 2012ರ ಆದೇಶದಲ್ಲಿ 2013ರ ಮೇ 31ರೊಳಗೆ ಸೇರಿದವರಿಗೆ ಮಾತ್ರ ಆ ಸಮಾನತೆ ಅಂದ್ಬಿಡ್ತು. ಬಾಗಿಲು ಮುಚ್ಚಿದ್ರು, ಅಷ್ಟೇ ಅಗ್ಗದ ಇನ್ನೊಂದನ್ನ ತೆರೀಲಿಲ್ಲ. ಆ ಖಾಲಿ ಜಾಗಕ್ಕೇ ಏಜೆಂಟರು ಬಂದು ಕೂತಿದ್ದಾರೆ ಅಂತ ನನ್ನ ಅಭಿಪ್ರಾಯ.

ಈಗ ಉಳಿದಿರೋ ದಾರಿಗಳು, ಬೇಗ ಹೇಳಿಬಿಡ್ತೀನಿ. ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಕೆಲಸದಲ್ಲಿ ಇರೋವ್ರಿಗೆ ಅಂತ ಎಐಸಿಟಿಇ 2023ರಿಂದ ಹೊಂದಿಕೆಯ ಸಮಯದಲ್ಲಿ ಬಿ.ಇ., ಡಿಪ್ಲೊಮಾ ತರಗತಿ ನಡೆಸೋಕೆ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಆದ್ರೆ ಮೈಸೂರಿನಲ್ಲಿ ಸಂಜೆ ತರಗತಿ ಮುಗಿಸಿ ಊರಿಗೆ ಮರಳೋಕೆ ಕೆ.ಆರ್. ನಗರಕ್ಕೆ ರೈಲಾದ್ರೂ ಇದೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗೆ ರೈಲಿಲ್ಲ, ಬಸ್ಸೇ ಗತಿ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದವರಿಗೆ ಐಐಟಿ ಮದ್ರಾಸ್‌ನ ಬಿ.ಎಸ್. ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಇದೆ. ಜೆಇಇ ಬೇಕಿಲ್ಲ, ಅವರದ್ದೇ ಅರ್ಹತಾ ಪರೀಕ್ಷೆ. ಪಾಠ ಆನ್‌ಲೈನ್, ಲ್ಯಾಬಿಗೆ ಚೆನ್ನೈಗೆ ಹೋಗ್ಬೇಕು. ಆದಾಯ, ಜಾತಿ ಪ್ರಮಾಣಪತ್ರ ಇದ್ದರೆ ಶುಲ್ಕದಲ್ಲಿ 75 ಪರ್ಸೆಂಟ್‌ವರೆಗೂ ವಿನಾಯಿತಿ. ಎನ್‌ಪಿಟೆಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ, ಪರೀಕ್ಷೆಗೆ ಮಾತ್ರ ಸಾವಿರ ರೂಪಾಯಿ ಆಸುಪಾಸು. ಪದವಿ ಸಿಗಲ್ಲ, ವಿದ್ಯೆ ಸಿಗುತ್ತೆ.

ಎಲ್ಲೇ ಸೇರಿ, ದುಡ್ಡು ಕಟ್ಟೋ ಮೊದಲು ಯುಜಿಸಿ ದೂರಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ವಿವಿ ಹೆಸರಿನ ಜೊತೆ ಕೋರ್ಸ್ ಹೆಸರೂ ಇದೆಯಾ ನೋಡಿ. 2024ರಿಂದ ವಿದ್ಯಾರ್ಥಿಗೂ ಒಂದು ಡಿಇಬಿ ಐಡಿ ಕಡ್ಡಾಯ. ಅದನ್ನ ಕೇಳದೆ ಅಡ್ಮಿಶನ್ ಕೊಡೋರನ್ನ ನಂಬಬೇಡಿ.

ಕೊನೆಗೆ ಸರ್ಕಾರಕ್ಕೆ ಒಂದು ಮಾತು. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ 2022ರ ಹೊತ್ತಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರ ಹಾಕಿಸಿದ್ದೀರಿ. ಸಿಎನ್‌ಸಿ ಇದೆ, ರೋಬೊ ಇದೆ. ಭಾನುವಾರ ಆ ಗೇಟಿಗೆ ಬೀಗ ಬಿದ್ದಿರುತ್ತೆ. ಪಾಠ ಆನ್‌ಲೈನ್‌ನಲ್ಲಿ ಇರ್ಲಿ, ಲ್ಯಾಬು ಭಾನುವಾರ ತಾಲ್ಲೂಕಿನಲ್ಲೇ ಇರ್ಲಿ, ಪರೀಕ್ಷೆ ವಿಟಿಯು ಮಾಡ್ಲಿ. ಕಾನೂನು ಕೇಳೋ ಕೈಕೆಲಸ ಅಲ್ಲೇ ಆಗುತ್ತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಶಾಸಕರು ನಾಲ್ವರೂ ಸೇರಿ ಇದೊಂದನ್ನ ಸದನದಲ್ಲಿ ಕೇಳಿ. ಆ ಹುಡುಗ ಇನ್ನೂ ಫೀಸು ಕಟ್ಟಿಲ್ಲ.